ಚಳಿಗಾಲದಲ್ಲೂ ಬೆವರುವ ಕೈಗಳು

ಮಾರ್ಗಶಿರ ಪುಷ್ಯ ಮಾಸಗಳ ಪ್ರಾತಃಕಾಲದಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕವಿಯುವುದೆಂದರೆ, ದೇವನಹಳ್ಳಿಯ ವಿಮಾನನಿಲ್ದಾಣದಿಂದ ಮೇಲೇರಬೇಕಾದ ವಿಮಾನಗಳು ಬಿಸಿಲು ಬಲಿಯುವವರೆಗೆ ಕಾದು ನಿಲ್ಲುವ ದಿನಗಳೂ ಉಂಟು. ಅಂಥ ಹೊತ್ತಿನಲ್ಲಿ ಹುಣಸಮಾರನಹಳ್ಳಿಯಲ್ಲಿ ಬಸ್ಸಿನಿಂದಿಳಿದು, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ತಾಂತ್ರಿಕ ವಿದ್ಯಾಲಯದತ್ತಲೋ, ಕೃಷ್ಣದೇವರಾಯನ ಹೆಸರಿನ ದಂತವೈದ್ಯ ಕಾಲೇಜಿನತ್ತಲೋ ನಡೆಯುವ ನೂರಾರು ತರುಣ ತರುಣಿಯರಲ್ಲಿ, ಸ್ವೆಟರಿನ ಜೇಬಿನೊಳಗೆ ಕೈ ಇಳಿಸಿಕೊಂಡವರೆಲ್ಲರೂ ಚಳಿಯ ನಿಮಿತ್ತವಾಗಿಯೇ ಹಾಗೆ ಮಾಡಿರುವರೆಂದು ತಿಳಿಯಲಾಗದು. ಅವರಲ್ಲಿ ಕೆಲವರು ತೊಯ್ದ ಅಂಗೈಯನ್ನು ಪರರ ದೃಷ್ಟಿಯಿಂದ ಮರೆಸುವುದಕ್ಕಾಗಿ ಜೇಬನ್ನು ಆಶ್ರಯಿಸಿರುವರು. ಉಸಿರು ಹೊಗೆಯಾಗಿ ಕಾಣುವಂಥ ಚಳಿಯಲ್ಲಿಯೂ ಅಂಗೈಯಿಂದ ಹನಿಯಿಳಿಯುವಂತೆ ಬೆವರುವುದೊಂದು ವ್ಯಾಧಿವಿಶೇಷ. ವೈದ್ಯರು ಅದನ್ನು ಹೈಪರ್‌ಹೈಡ್ರೋಸಿಸ್ ಎನ್ನುವರು, ನಾವು ಅತಿಸ್ವೇದವೆನ್ನಬಹುದು.

ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ನಮ್ಮ ಈ ಪ್ರಾಂತದ ಹವೆ ಈ ವ್ಯಾಧಿಯುಳ್ಳವರಿಗೆ ಅನುಕೂಲವೆಂದು ಮೇಲುನೋಟಕ್ಕೆ ತೋರುವುದಾದರೂ, ಲೋಕವ್ಯವಹಾರದಲ್ಲಿ ಅದೇ ಅವರಿಗೆ ಪ್ರತಿಕೂಲವಾಗಿದೆ. ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ವೈಶಾಖದ ಮಧ್ಯಾಹ್ನ ಎಲ್ಲರ ಅಂಗಿಯೂ ಬೆನ್ನಿಗಂಟಿಕೊಂಡಿರುವಾಗ ಒಬ್ಬನು ಇನ್ನಷ್ಟು ಬೆವರಿದರೆ ಅದನ್ನು ಗಮನಿಸುವವರಾರು? ಇಲ್ಲಿ ಹಾಗಲ್ಲ. ನೆರೆಯವನ ಕೈ ಒಣಗಿರುವಾಗ ತನ್ನದು ಮಾತ್ರ ತೊಯ್ದಿರುವವನು ಎದ್ದು ಕಾಣುವನು. ಕಂಡವರು ಅದಕ್ಕೊಂದು ಅರ್ಥವನ್ನು ಹಚ್ಚುವರು. ಸಂದರ್ಶನಕ್ಕೆ ಕುಳಿತ ಅಧಿಕಾರಿಗೆ ಅದು ಅಂಜುಬುರುಕುತನವೆಂದೂ, ಪರೀಕ್ಷೆಯ ಮೇಲ್ವಿಚಾರಕನಿಗೆ ಕಳ್ಳತನದ ಲಕ್ಷಣವೆಂದೂ, ಹೆಣ್ಣು ನೋಡಲು ಬಂದವರಿಗೆ ಒಳಗಿನ ಯಾವುದೋ ರೋಗವೆಂದೂ, ಪಕ್ಕದಲ್ಲಿ ಕುಳಿತ ಪ್ರಯಾಣಿಕನಿಗೆ ಅಶೌಚವೆಂದೂ ತೋರುವುದು. ಇವು ನಾಲ್ಕೂ ತಪ್ಪು ತೀರ್ಮಾನಗಳು. ಅತಿಸ್ವೇದವು ಶೀಲದ ದೋಷವೂ ಅಲ್ಲ, ಶುಚಿತ್ವದ ಲೋಪವೂ ಅಲ್ಲ. ನರಗಳು ವೇಳೆಯಲ್ಲದ ವೇಳೆಯಲ್ಲಿ ಕೊಡುವ ಆಜ್ಞೆಗೆ ಗ್ರಂಥಿಗಳು ವಿಧೇಯವಾಗಿ ನಡೆದುಕೊಳ್ಳುವುದರ ಫಲ. ಇದನ್ನು ಮನಗಾಣುವುದು ಚಿಕಿತ್ಸೆಯ ಅರ್ಧಭಾಗವೆಂದೇ ನನ್ನ ಅಭಿಪ್ರಾಯ. ಏಕೆಂದರೆ ತನ್ನದು ದೋಷವೆಂದು ಬಗೆದವನು ಅದನ್ನು ಮುಚ್ಚಿಡುವನು, ವ್ಯಾಧಿಯೆಂದು ತಿಳಿದವನು ಮದ್ದನ್ನು ಹುಡುಕುವನು.

ಮನುಷ್ಯನ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷದಷ್ಟು ಸ್ವೇದಗ್ರಂಥಿಗಳುಂಟು. ಅಂಗೈ, ಅಂಗಾಲು, ಹಣೆ, ಕಂಕುಳು ಇವುಗಳಲ್ಲಿ ಅವು ಬಹು ನಿಬಿಡ. ಮೆದುಳಿನ ತಳಭಾಗದಲ್ಲಿರುವ ಒಂದು ಕೇಂದ್ರವು ರಕ್ತದ ಉಷ್ಣತೆಯನ್ನು ಸದಾ ಪರೀಕ್ಷಿಸುತ್ತಿದ್ದು, ಅದು ಏರಿದೊಡನೆ ಅನುವೇದನಾ ನರಗಳ ಮೂಲಕ ಈ ಗ್ರಂಥಿಗಳಿಗೆ ಸೂಚನೆಯನ್ನು ಕಳುಹಿಸುವುದು. ಗ್ರಂಥಿಗಳು ನೀರನ್ನೂ ಸ್ವಲ್ಪ ಉಪ್ಪನ್ನೂ ಹೊರಸೂಸುವುವು. ಆ ನೀರು ಆವಿಯಾಗುವಾಗ ದೇಹದ ಶಾಖವನ್ನು ಹೊತ್ತೊಯ್ಯುವುದು. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುವುದೆಂದು ಲೆಕ್ಕ. ಏಳು ಲೀಟರು ತಣ್ಣೀರನ್ನು ಕುದಿಗೆ ತರಲು ಅಷ್ಟು ಶಾಖ ಸಾಕು. ಬೆವರಿನ ಉಪಕಾರವೆಲ್ಲ ಆವಿಯಾಗುವುದರಲ್ಲಿದೆಯೇ ಹೊರತು ತೊಟ್ಟಿಕ್ಕುವುದರಲ್ಲಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಇಳಿದು ವ್ಯರ್ಥವಾಗುವುದು. ಇಲ್ಲಿಯ ಒಣಗಾಳಿಯಲ್ಲಿ ಅದು ಕಣ್ಣಿಗೆ ಬೀಳುವ ಮುನ್ನವೇ ಆರಿಹೋಗುವುದು. 2016ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿಗೇರಿದಾಗಲೂ ನೆರಳಿನಲ್ಲಿ ಕುಳಿತವರಿಗೆ ಅಷ್ಟೊಂದು ಬೆವರಿದಂತೆ ತೋರದಿದ್ದುದಕ್ಕೆ ಇದು ಕಾರಣ.

ಆದರೆ ಅಂಗೈ ಅಂಗಾಲುಗಳ ಗ್ರಂಥಿಗಳು ಶಾಖಕ್ಕಿಂತ ಹೆಚ್ಚಾಗಿ ಮನಸ್ಸಿನ ಉದ್ವೇಗಕ್ಕೆ ಸ್ಪಂದಿಸುವಂಥವು. ಸಾಮಾನ್ಯರಲ್ಲಿ ಈ ಸ್ಪಂದನ ಮಿತವಾಗಿರುವುದು; ಅತಿಸ್ವೇದವುಳ್ಳವರಲ್ಲಿ, ಗ್ರಂಥಿಗಳ ಸಂಖ್ಯೆಯೂ ಆಕಾರವೂ ಪ್ರಾಯಶಃ ಇತರರಂತೆಯೇ ಇದ್ದರೂ, ಅವುಗಳಿಗೆ ಬರುವ ಆಜ್ಞೆ ಮಾತ್ರ ಅತಿಯಾಗಿರುವುದು. ಬೇರೊಂದು ರೋಗದಿಂದ ಹುಟ್ಟದ ಈ ಮೂಲಭೂತ ಬಗೆಯು ಬಹುಮಟ್ಟಿಗೆ ಬಾಲ್ಯದಲ್ಲಿಯೋ ಯೌವನಾರಂಭದಲ್ಲಿಯೋ, ಹೇಗೂ ಇಪ್ಪತ್ತೈದು ವರ್ಷಕ್ಕೆ ಮುನ್ನ, ತಲೆದೋರುವುದು, ಎರಡು ಕೈಗಳಲ್ಲಿ ಅಥವಾ ಎರಡು ಕಂಕುಳುಗಳಲ್ಲಿ ಸಮನಾಗಿರುವುದು, ವಾರಕ್ಕೊಮ್ಮೆಯಾದರೂ ಮರುಕಳಿಸುವುದು, ಮನೆತನದಲ್ಲಿ ತಾಯಿಗೋ ಸೋದರಮಾವನಿಗೋ ಇದ್ದುದೆಂದು ವಿಚಾರಿಸಿದರೆ ತಿಳಿದುಬರುವುದು, ಮತ್ತು ಬಹು ಮುಖ್ಯವಾಗಿ, ನಿದ್ರೆಯಲ್ಲಿ ನಿಂತುಹೋಗುವುದು. ಮಗನ ಕೈ ಹಗಲೆಲ್ಲ ತೊಯ್ದಿದ್ದು ಮಲಗಿದ ಮೇಲೆ ಒಣಗಿದ್ದರೆ ತಂದೆತಾಯಿಗಳು ಅರ್ಧ ನಿಶ್ಚಿಂತರಾಗಬಹುದು. ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಲ್ಲಿಯ ನೂರು ಮಂದಿಯಲ್ಲಿ ಸುಮಾರು ಮೂವರಿಗೆ ಈ ತೊಂದರೆಯುಂಟು. ಅರವತ್ತು ಮಂದಿಯ ತರಗತಿಯಲ್ಲಿ ಒಬ್ಬಿಬ್ಬರು ಇಂಥವರು ಇದ್ದೇ ಇರುವರೆಂದು ಅಧ್ಯಾಪಕರು ಎಣಿಸಿದರೆ ತಪ್ಪಾಗದು.

ಹೊರಗಿನವರಿಗೆ ಅಲ್ಪವೆನಿಸುವ ಈ ತೊಂದರೆ ವಿದ್ಯಾರ್ಥಿಯ ದಿನಚರಿಯೊಳಗೆ ಎಷ್ಟು ಆಳವಾಗಿ ಹೊಕ್ಕಿರುವುದೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಫಿಟ್ಟಿಂಗ್ ಶಾಲೆಯಲ್ಲಿ ಅರದಿಂದ ಉಜ್ಜಿ ನುಣುಪು ಮಾಡಿಟ್ಟ ಉಕ್ಕಿನ ತುಂಡಿನ ಮೇಲೆ ಮರುದಿನ ಅವನ ಬೆರಳಿನ ಗುರುತುಗಳೇ ತುಕ್ಕಾಗಿ ಮೂಡಿರುವುವು, ಏಕೆಂದರೆ ಬೆವರಿನಲ್ಲಿ ಉಪ್ಪುಂಟು. ಡ್ರಾಯಿಂಗ್ ಹಾಳೆಯ ಮೇಲೆ ಕೈಯೂರಿದ ಕಡೆ ಕಾಗದ ಉಬ್ಬಿ ಗೆರೆ ಕದಡುವುದು. ವಿದ್ಯುತ್ ಪ್ರಯೋಗಶಾಲೆಯಲ್ಲಂತೂ ತೊಯ್ದ ಚರ್ಮವು ಒಣಚರ್ಮಕ್ಕಿಂತ ಎಷ್ಟೋ ಪಾಲು ಸುಲಭವಾಗಿ ವಿದ್ಯುತ್ತನ್ನು ಒಳಗೆ ಬಿಡುವುದರಿಂದ ಅದು ಅಪಾಯಕ್ಕೂ ಎಡೆ. ದಂತವೈದ್ಯ ವಿದ್ಯಾರ್ಥಿನಿಗೆ ಇನ್ನೊಂದು ಬಗೆಯ ಸಂಕಟ: ಗಂಟೆಗಟ್ಟಲೆ ಕಳಚಲಾಗದ ರಬ್ಬರಿನ ಕೈಗವಸಿನೊಳಗೆ ಬೆವರು ನಿಂತು, ಬೆರಳ ತುದಿಗಳು ಸುಕ್ಕುಗಟ್ಟಿ, ಚರ್ಮ ಕೆರಳಿ ತುರಿಸತೊಡಗುವುದು. ಪ್ರವೇಶ ಪರೀಕ್ಷೆಗಳಲ್ಲಿ ಯಂತ್ರವು ಓದುವ ಒಎಂಆರ್ ಹಾಳೆಯ ಮೇಲೆ ಒಂದು ತೇವದ ಕಲೆ ಬಿದ್ದರೂ ವರ್ಷದ ಶ್ರಮ ಎಲ್ಲಿ ಕೆಡುವುದೋ ಎಂಬ ಭಯ, ಆ ಭಯದಿಂದಲೇ ಇನ್ನಷ್ಟು ಬೆವರು. ಹೀಗೆ ಕಾರ್ಯವೇ ಕಾರಣವನ್ನು ಪೋಷಿಸುವ ಚಕ್ರವೊಂದು ಏರ್ಪಡುವುದು. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ ಗೃಹಿಣಿಯ ಬೆರಳನ್ನು ಯಂತ್ರವು ಗುರುತಿಸದೆ ಹೋಗುವುದಕ್ಕೂ ಇದು ಕಾರಣವಾಗುವುದುಂಟು. ಮದುವೆಯ ಮಂಟಪದಲ್ಲಿ ಪಾಣಿಗ್ರಹಣದ ಹೊತ್ತಿಗೆ ವಧುವಿನ ಮನಸ್ಸು ಮಂತ್ರದಲ್ಲಿ ನಿಲ್ಲದೆ ತನ್ನ ಅಂಗೈಯಲ್ಲಿ ನಿಂತಿದ್ದರೆ ಅದಕ್ಕಿಂತ ದುಃಖದ ಸಂಗತಿ ಯಾವುದು?

ಎಲ್ಲ ಅತಿಸ್ವೇದವೂ ಈ ನಿರಪಾಯದ ಬಗೆಯದಲ್ಲವೆಂಬ ಎಚ್ಚರಿಕೆ ಚಿಕಿತ್ಸೆಯ ವಿಚಾರಕ್ಕೆ ಮೊದಲು ಬರತಕ್ಕದ್ದು. ನಡುವಯಸ್ಸಿನಲ್ಲಿ ಹೊಸದಾಗಿ ಮೈಯೆಲ್ಲ ಬೆವರತೊಡಗಿ, ಎದೆ ಡವಗುಟ್ಟುತ್ತ ತೂಕ ಇಳಿದರೆ ಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸಬೇಕು. ಮುಟ್ಟು ನಿಲ್ಲುವ ಕಾಲದ ಸ್ತ್ರೀಯರಿಗೆ ಮುಖ ಬಿಸಿಯೇರಿ ಬೆವರುವುದು ಬಹು ಸಾಮಾನ್ಯ, ಅದಕ್ಕೂ ಉಪಾಯಗಳಿವೆ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳೂ ಬೆವರನ್ನು ಹೆಚ್ಚಿಸುವುವು. ಅವನ್ನು ತಾನಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು ಯುಕ್ತ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಸಿವು, ನಡುಕ, ತಣ್ಣನೆಯ ಬೆವರು ಒಟ್ಟಿಗೆ ಬಂದರೆ ರಕ್ತದ ಸಕ್ಕರೆ ಕುಸಿಯುತ್ತಿದೆಯೆಂದರ್ಥ. ಆ ಕ್ಷಣದಲ್ಲಿ ಮೂರು ನಾಲ್ಕು ಚಮಚ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನತಕ್ಕದ್ದು. ಎದೆನೋವಿನೊಡನೆ ಹಠಾತ್ತಾಗಿ ತಣ್ಣನೆಯ ಬೆವರು ಒಡೆದರೆ ಅದನ್ನು ವಾಯುವೆಂದು ಕಡೆಗಣಿಸಿ ಸೋಡಾ ಕುಡಿದು ಮಲಗಬಾರದು, ತತ್‌ಕ್ಷಣ ಆಸ್ಪತ್ರೆಗೆ ಹೊರಡಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ದ್ರಾಕ್ಷಿತೋಟಗಳಲ್ಲಿ ಕೀಟನಾಶಕವನ್ನು ಸಿಂಪಡಿಸುವವರು ಇನ್ನೊಂದನ್ನು ನೆನಪಿಡಬೇಕು: ಸಿಂಪಡಿಸಿದ ಬಳಿಕ ಅತಿಯಾಗಿ ಬೆವರಿ, ಬಾಯಲ್ಲಿ ಜೊಲ್ಲು ಸುರಿದು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ಕಿರಿದಾದರೆ ಅದು ವಿಷ ಮೈಗೇರಿದ ಚಿಹ್ನೆ. ಇವುಗಳಲ್ಲೆಲ್ಲ ಬೆವರು ರೋಗವಲ್ಲ, ಬೇರೊಂದು ರೋಗದ ದೂತ.

ರಾತ್ರಿಯಲ್ಲಿ ಹಾಸಿಗೆ ತೊಯ್ಯುವಂತೆ ಬೆವರುವುದು ಇನ್ನೂ ಗಂಭೀರವಾದ ವಿಷಯ. ಹಗಲಿನ ಅತಿಸ್ವೇದ ನಿದ್ರೆಯಲ್ಲಿ ನಿಲ್ಲುವುದೆಂದು ಹೇಳಿದೆನಷ್ಟೆ, ಇದು ಅದಕ್ಕೆ ವಿರುದ್ಧವಾದುದು. ಎರಡು ವಾರಕ್ಕೆ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ ಇವುಗಳೊಡನೆ ರಾತ್ರಿಬೆವರು ಸೇರಿದರೆ ಕ್ಷಯವನ್ನು ಶಂಕಿಸಬೇಕು. ಹುಣಸಮಾರನಹಳ್ಳಿಯಿಂದ ನಗರದತ್ತ ಬರುವ ಇದೇ ಬಳ್ಳಾರಿ ರಸ್ತೆಯ ಅಂಚಿನಲ್ಲಿ, ಅವಲಾನ್ ಎಂಬ ಹಳೆಯ ಬಂಗಲೆಯಲ್ಲಿ, 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಊರೂರಿನ ಸಾಮಾನ್ಯ ಆಸ್ಪತ್ರೆಯಲ್ಲಿಯೇ, ಕೆಮ್ಮೆಂದು ಬಂದವರ ಕಫವನ್ನು ಪರೀಕ್ಷಿಸಿ ಕ್ಷಯವನ್ನು ಕಂಡುಹಿಡಿಯಬಹುದೆಂಬ ಕ್ರಮವು ದೇಶಕ್ಕೆ ದೊರೆತುದರಲ್ಲಿ ಆ ಸಂಸ್ಥೆಯ ಅಧ್ಯಯನಗಳ ಪಾತ್ರ ದೊಡ್ಡದು. ಸರ್ಕಾರದ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತ.

ಈಗ ಹಗಲಿನ ಬೆವರಿನ ಉಪಾಯಗಳಿಗೆ ಬರೋಣ. ಅಂಗಡಿಯಲ್ಲಿ ದೊರೆಯುವ ಡಿಯೋಡರೆಂಟ್ ಎಂಬುದು ವಾಸನೆಯನ್ನು ಮುಚ್ಚುವುದೇ ಹೊರತು ಬೆವರನ್ನು ತಡೆಯುವುದಿಲ್ಲ; ಬೆವರನ್ನು ತಡೆಯುವುದು ಅಲ್ಯುಮಿನಿಯಂ ಲವಣವಿರುವ ಆ್ಯಂಟಿಪರ್ಸ್ಪಿರಂಟ್. ಎರಡನ್ನೂ ಒಂದೇ ಎಂದು ಭಾವಿಸಿ ಸುಗಂಧದ್ರವ್ಯಕ್ಕೆ ಹಣ ಸುರಿದು ನಿರಾಶರಾದವರು ಬಹುಮಂದಿ. ಲಾವಂಚದ ನೀರು, ಗಂಧ, ಟಾಲ್ಕಂ ಪುಡಿ ಇವು ಮೈಗೆ ಹಿತವಾದುವು, ನಿಜ. ಗ್ರಂಥಿಯ ಬಾಯನ್ನು ಮುಚ್ಚಬಲ್ಲ ಶಕ್ತಿ ಅವಕ್ಕಿಲ್ಲ. ಕ್ಷೌರದಂಗಡಿಯ ಪಟಿಕ ಕೂಡ ಅಲ್ಯುಮಿನಿಯಂ ಲವಣವೇ, ಆದರೆ ಅದರ ಗುಣ ಅಲ್ಪ. ಸ್ಟಿಲಿಯನ್ಸ್ ಎಂಬ ವೈದ್ಯನು 1916ರಷ್ಟು ಹಿಂದೆಯೇ ಶೇಕಡ 25ರ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣವನ್ನು ಕಂಕುಳಿನ ಬೆವರಿಗೆ ಹೇಳಿದ್ದನು. ನೂರು ವರ್ಷ ಕಳೆದರೂ ಮೊದಲ ಮದ್ದಾಗಿ ಉಳಿದಿರುವುದು ಅದೇ. ಇಂದು ವೈದ್ಯರು ಸಾಮಾನ್ಯವಾಗಿ ಶೇಕಡ 10ರಿಂದ 20ರ ದ್ರಾವಣವನ್ನೂ, ಅಂಗೈ ಅಂಗಾಲುಗಳಿಗೆ ಕೆಲವೊಮ್ಮೆ ಅದಕ್ಕಿಂತ ತೀಕ್ಷ್ಣವಾದುದನ್ನೂ ಬರೆದುಕೊಡುವರು.

ಆ ಮದ್ದು ಫಲಿಸುವುದೂ ಫಲಿಸದಿರುವುದೂ ಬಹುಮಟ್ಟಿಗೆ ಹಚ್ಚುವ ಹೊತ್ತನ್ನು ಅವಲಂಬಿಸಿದೆ. ಮುಂಜಾನೆ ಸ್ನಾನ ಮಾಡಿ, ಕಾಲೇಜಿಗೆ ಓಡುವ ಅವಸರದಲ್ಲಿ ಅದನ್ನು ಬಳಿದುಕೊಂಡರೆ ಎರಡು ವಿಧದ ಹಾನಿ: ಬೆವರು ಹರಿಯುತ್ತಿರುವುದರಿಂದ ಮದ್ದು ಗ್ರಂಥಿಯ ಬಾಯಿಯೊಳಗೆ ನಿಲ್ಲದೆ ತೊಳೆದುಹೋಗುವುದು, ನೀರಿನೊಡನೆ ಸೇರಿದ ಲವಣವು ಆಮ್ಲವನ್ನು ಹುಟ್ಟಿಸಿ ಚರ್ಮವನ್ನು ಉರಿಸುವುದು. ರಾತ್ರಿ ಮಲಗುವ ಮುನ್ನ, ಬೆವರು ತಾನಾಗಿ ತಗ್ಗಿರುವಾಗ, ಚರ್ಮವನ್ನು ಬಟ್ಟೆಯಿಂದ ಒತ್ತಿ, ಫ್ಯಾನಿನ ಗಾಳಿಗೆ ಚೆನ್ನಾಗಿ ಆರಿಸಿಕೊಂಡು, ತೆಳುವಾಗಿ ಸವರಿ, ಬೆಳಿಗ್ಗೆ ತೊಳೆದುಬಿಡತಕ್ಕದ್ದು. ಕೂದಲು ತೆಗೆದ ದಿನ, ಗಾಯವಿರುವಾಗ ಹಚ್ಚಲಾಗದು. ಮೊದಲು ಒಂದು ವಾರ ದಿನವೂ, ಗುಣ ಕಂಡ ಮೇಲೆ ವಾರಕ್ಕೆ ಒಂದೆರಡು ಸಲವೂ ಸಾಕು. ಉರಿ ಹೆಚ್ಚಾದರೆ ದಿನ ಬಿಟ್ಟು ದಿನ ಹಚ್ಚುವುದು ಕ್ರಮ. ಅಲ್ಯುಮಿನಿಯಂನಿಂದ ಸ್ತನದ ಕ್ಯಾನ್ಸರ್ ಬರುವುದೆಂಬ ಮಾತು ಹಬ್ಬಿದೆಯಾದರೂ ಅದಕ್ಕೆ ಆಧಾರ ಸ್ಥಿರಪಟ್ಟಿಲ್ಲ. ಮೂತ್ರಪಿಂಡ ತೀರ ದುರ್ಬಲವಾಗಿರುವವರು ಮಾತ್ರ ವೈದ್ಯರನ್ನು ಕೇಳದೆ ಬಳಸಕೂಡದು.

ಕಾಲಿನ ವಿಚಾರ ಬೇರೆ. ವಿಮಾನನಿಲ್ದಾಣದ ಕಾವಲುಗಾರರು, ಗೋದಾಮಿನ ಕೆಲಸಗಾರರು, ಗುಲಾಬಿ ಬೆಳೆಯುವ ಪಾಲಿಹೌಸುಗಳಲ್ಲಿ ದುಡಿಯುವವರು ದಿನಕ್ಕೆ ಹತ್ತು ಗಂಟೆ ಮುಚ್ಚಿದ ಬೂಟಿನಲ್ಲಿರುವರು. ಒಂದೇ ಜೊತೆ ಬೂಟನ್ನು ಪ್ರತಿದಿನ ತೊಟ್ಟರೆ ಅದು ಒಳಗೆ ಆರುವುದೇ ಇಲ್ಲ; ಎರಡು ಜೊತೆಯಿಟ್ಟುಕೊಂಡು ಸರದಿಯ ಮೇಲೆ ತೊಟ್ಟು, ಬಿಡುವಿನ ದಿನ ನಾಲಿಗೆಯನ್ನು ಹೊರಗೆಳೆದು ಬಿಸಿಲಿಗಿಡುವುದು ಖರ್ಚಿನದಾದರೂ ಫಲಕಾರಿ. ಇನ್ನೊಂದು ಜೊತೆ ಕಾಲುಚೀಲವನ್ನು ಚೀಲದಲ್ಲಿಟ್ಟುಕೊಂಡು ಊಟದ ಹೊತ್ತಿಗೆ ಬದಲಿಸುವುದು ಅಷ್ಟೂ ಖರ್ಚಿಲ್ಲದ ಉಪಾಯ. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳೆದ್ದು ದುರ್ವಾಸನೆ ಬಂದರೆ ಅದು ಬ್ಯಾಕ್ಟೀರಿಯದ ಕೆಲಸ, ಮುಲಾಮಿನಿಂದ ಬೇಗ ವಾಸಿಯಾಗುವುದು. ಬೆರಳ ಸಂದಿಯಲ್ಲಿಯೋ ತೊಡೆಸಂದಿಯಲ್ಲಿಯೋ ತುರಿಸುವ ಹುಳುಕಡ್ಡಿ ಹುಟ್ಟಿದರೆ, ಔಷಧದಂಗಡಿಯವನು ಕೊಟ್ಟ ಸ್ಟಿರಾಯ್ಡ್ ಬೆರೆತ ಮುಲಾಮನ್ನು ಸರ್ವಥಾ ಹಚ್ಚಬಾರದು. ಎರಡು ದಿನ ತುರಿಕೆ ಅಡಗಿ, ಬಳಿಕ ಅದು ತಿಂಗಳುಗಟ್ಟಲೆ ಹರಡುವುದು. ಈ ಒಂದು ತಪ್ಪಿನಿಂದ ನಮ್ಮ ಜನ ಪಡುತ್ತಿರುವ ಯಾತನೆ ಅಷ್ಟಿಷ್ಟಲ್ಲ.

ಉಡುಪಿನಲ್ಲಿ ಸಡಿಲವಾದ ಹತ್ತಿಯ ಬಟ್ಟೆ ಹಿತಕರ. ಬಿಳಿ ಮತ್ತು ಗಾಢವರ್ಣಗಳು ತೇವದ ಕಲೆಯನ್ನು ತೋರಗೊಡುವುದಿಲ್ಲ, ತಿಳಿನೀಲಿ ಬೂದು ಬಣ್ಣಗಳು ತೋರುವುವು. ಕೆಲವರಿಗೆ ಕಾಫಿಯೂ ಖಾರವೂ ಬೆವರನ್ನು ಕೆರಳಿಸುವುವು. ಪರೀಕ್ಷೆಯ ಬೆಳಿಗ್ಗೆ ಒಂದು ಲೋಟ ಕಾಫಿಯನ್ನು ಬಿಟ್ಟು ನೋಡಬಹುದು. ಆದರೆ ಬೆವರುವುದೆಂದು ನೀರನ್ನೇ ಕಡಮೆ ಮಾಡುವುದು ಅವಿವೇಕ. ಬರೆಯುವಾಗ ಕೈಯ ಕೆಳಗೆ ಬ್ಲಾಟಿಂಗ್ ಕಾಗದವನ್ನೋ ಮಡಿಸಿದ ಕರವಸ್ತ್ರವನ್ನೋ ಇಟ್ಟುಕೊಳ್ಳಲು ವಿದ್ಯಾರ್ಥಿಗೆ ಅವಕಾಶವಿರಬೇಕು; ವೈದ್ಯರ ಚೀಟಿಯನ್ನು ಮುಂಚಿತವಾಗಿಯೇ ಪ್ರಾಂಶುಪಾಲರಿಗೆ ಒಪ್ಪಿಸಿದರೆ ಪರೀಕ್ಷೆಯ ದಿನದ ಸಂಶಯಕ್ಕೆ ಆಸ್ಪದವಿರದು. ದಂತವೈದ್ಯ ವಿದ್ಯಾರ್ಥಿಗಳು ರಬ್ಬರಿನ ಕೈಗವಸಿನೊಳಗೆ ತೆಳುವಾದ ಹತ್ತಿಯ ಕೈಗವಸನ್ನು ತೊಟ್ಟು, ರೋಗಿಯಿಂದ ರೋಗಿಗೆ ಎರಡನ್ನೂ ಬದಲಿಸಿ, ನಡುವೆ ಕೈಯನ್ನು ಪೂರ್ತಿಯಾಗಿ ಆರಿಸಿಕೊಳ್ಳುವುದು ಒಳ್ಳೆಯದು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳನ್ನು ಒರೆಸಿ ಮತ್ತೊಮ್ಮೆ ಒತ್ತುವುದು, ಅದಕ್ಕೂ ಒಪ್ಪದಿದ್ದರೆ ಬೇರೆ ಬಗೆಯ ದೃಢೀಕರಣವನ್ನು ಕೇಳುವುದು ಕಾರ್ಡುದಾರರ ಹಕ್ಕೇ ಸರಿ.

ಹಚ್ಚುವ ಮದ್ದಿಗೆ ಬಗ್ಗದ ಅಂಗೈ ಅಂಗಾಲುಗಳಿಗೆ ಅಯಾಂಟೊಫೊರೆಸಿಸ್ ಎಂಬ ಕ್ರಮವುಂಟು. ಅಗಲವಾದ ತಟ್ಟೆಗಳಲ್ಲಿ ನಲ್ಲಿಯ ನೀರನ್ನು ಹೊಯ್ದು, ಅದರಲ್ಲಿ ಕೈಯನ್ನೋ ಕಾಲನ್ನೋ ಇರಿಸಿ, 15ರಿಂದ 20 ಮಿಲಿಆಂಪಿಯರಿನಷ್ಟು ಅತಿ ಮೃದುವಾದ ವಿದ್ಯುತ್ತನ್ನು ಇಪ್ಪತ್ತು ಮೂವತ್ತು ನಿಮಿಷ ಹಾಯಿಸುವರು. ವಾರಕ್ಕೆ ಮೂರು ಸಲದಂತೆ ಕೆಲವು ವಾರ ನಡೆದರೆ ಬಹುಮಂದಿಗೆ ಬೆವರು ತಗ್ಗುವುದು. ಆಮೇಲೆ ವಾರಕ್ಕೊಮ್ಮೆ ಮುಂದುವರಿಸಬೇಕು. ಗರ್ಭಿಣಿಯರಿಗೂ, ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೂ, ಮೂಳೆಗೆ ಲೋಹ ಕೂಡಿಸಿಕೊಂಡವರಿಗೂ ಇದು ನಿಷಿದ್ಧ. ತಾಂತ್ರಿಕ ವಿದ್ಯಾಲಯದ ಚತುರ ವಿದ್ಯಾರ್ಥಿಗಳಿಗೆ ಇಂಥ ಉಪಕರಣವನ್ನು ತಾವೇ ಕಟ್ಟಬಹುದೆಂದು ತೋರುವುದು ಸಹಜ. ಮನೆಯ ವಿದ್ಯುತ್ತಿಗೆ ಜೋಡಿಸಿದ ನೀರಿನಲ್ಲಿ ಕೈಯಿಡುವುದು ಪ್ರಾಣಕ್ಕೆ ಸಂಚಕಾರವಾದುದರಿಂದ, ವೈದ್ಯಕೀಯ ಉಪಕರಣವನ್ನಲ್ಲದೆ ಬೇರೊಂದನ್ನು ಮುಟ್ಟಬೇಡಿರೆಂದು ಅವರಲ್ಲಿ ನನ್ನ ಪ್ರಾರ್ಥನೆ.

ಗ್ಲೈಕೊಪೈರೊಲೇಟ್, ಆಕ್ಸಿಬ್ಯುಟಿನಿನ್ ಎಂಬ ಮಾತ್ರೆಗಳು ನರದ ಸೂಚನೆ ಗ್ರಂಥಿಗೆ ತಲಪದಂತೆ ತಡೆಯುವುವು. ಅವುಗಳಿಂದ ಬಾಯಿ ಒಣಗುವುದು, ದೃಷ್ಟಿ ಮಸುಕಾಗುವುದು, ಮೂತ್ರ ಕಟ್ಟುವುದು ಉಂಟು; ಅದಕ್ಕಿಂತ ಮುಖ್ಯವಾಗಿ, ಮೈಯೆಲ್ಲ ಬೆವರುವ ಶಕ್ತಿಯೇ ಕುಗ್ಗುವುದರಿಂದ, ಬಿಸಿಲಿನಲ್ಲಿ ಗಾರೆಕೆಲಸ ಮಾಡುವವನೋ ಪಾಲಿಹೌಸಿನಲ್ಲಿ ದುಡಿಯುವವಳೋ ಇವನ್ನು ನುಂಗಿದರೆ ಉಷ್ಣಾಘಾತಕ್ಕೆ ಈಡಾಗುವ ಭಯವಿದೆ. ಶ್ರಮಿಕನ ಬೆವರು ಅವನ ರಕ್ಷಕ. ಅದನ್ನು ತಡೆಯುವ ಮಾತೇ ಸಲ್ಲದು, ಅವನಿಗೆ ಬೇಕಾದುದು ನೆರಳು, ನೀರು, ಉಪ್ಪು ಹಾಕಿದ ಮಜ್ಜಿಗೆ. ಕಂಕುಳಿನ ಬೆವರಿಗೆ ಬೊಟುಲಿನಂ ಚುಚ್ಚುಮದ್ದನ್ನು ಅಮೆರಿಕದಲ್ಲಿ 2004ರಿಂದ ಅಂಗೀಕರಿಸಿದ್ದಾರೆ. ಆರು ತಿಂಗಳ ಆಸುಪಾಸು ಗುಣ ನಿಲ್ಲುವುದು, ವೆಚ್ಚ ಹೆಚ್ಚು. ಅಂಗೈಗೆ ಚುಚ್ಚಿದರೆ ನೋವಲ್ಲದೆ, ಬೆರಳಿನ ಹಿಡಿತ ಕೆಲಕಾಲ ಸಡಿಲವಾಗಲೂಬಹುದು. ಸೂಕ್ಷ್ಮ ಉಪಕರಣ ಹಿಡಿಯುವವರು ಇದನ್ನು ಯೋಚಿಸಬೇಕು. ಎದೆಯೊಳಗಿನ ಅನುವೇದನಾ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ ಕೊನೆಯದು. ಅಂಗೈ ಒಣಗುವುದು ಬಹುಮಟ್ಟಿಗೆ ನಿಶ್ಚಯ. ಆದರೆ ಅದರ ಬದಲಿಗೆ ಬೆನ್ನು, ಹೊಟ್ಟೆ, ತೊಡೆಗಳು ಬೆವರತೊಡಗುವುದು ಬಹುಮಂದಿಯಲ್ಲಿ ಕಂಡುಬರುವುದು, ಕೆಲವರಿಗೆ ಅದು ಮೊದಲಿನದಕ್ಕಿಂತ ದುಸ್ಸಹ, ಮತ್ತು ಕತ್ತರಿಸಿದುದನ್ನು ಹಿಂದಕ್ಕೆ ಪಡೆಯಲಾಗದು. ಇಪ್ಪತ್ತು ವರ್ಷದ ಮಕ್ಕಳನ್ನು ಮದುವೆಯ ಅವಸರಕ್ಕಾಗಿ ಇದಕ್ಕೆ ಒಪ್ಪಿಸುವುದು ಸರಿಯಲ್ಲ.

ವೈದ್ಯರ ಬಳಿಗೆ ಹೋಗುವವರು, ಬೆವರು ಯಾವ ವಯಸ್ಸಿನಲ್ಲಿ ಮೊದಲಾಯಿತು, ಎಡಬಲಗಳಲ್ಲಿ ಸಮವಾಗಿದೆಯೇ, ನಿದ್ರೆಯಲ್ಲಿ ನಿಲ್ಲುವುದೇ, ಮನೆಯಲ್ಲಿ ಇನ್ನಾರಿಗಿದೆ, ಯಾವ ಔಷಧಿಗಳನ್ನು ಸೇವಿಸುತ್ತಿರುವೆವು, ಯಾವ ಕೆಲಸ ಇದರಿಂದ ಕೆಡುತ್ತಿದೆ ಎಂಬ ಈ ಆರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ, ಜನ ಕಿಕ್ಕಿರಿದ ಚರ್ಮರೋಗ ವಿಭಾಗದಲ್ಲಿ ದೊರೆಯುವ ಐದು ನಿಮಿಷದಲ್ಲಿಯೇ ವೈದ್ಯರು ನಿರ್ಣಯಕ್ಕೆ ಬರಬಲ್ಲರು. ಮಗಳನ್ನು ಕರೆದೊಯ್ಯುವ ತಾಯಂದಿರು ಅವಳ ಪರವಾಗಿ ತಾವೇ ಉತ್ತರಿಸದೆ, ಯಾವ ಕೆಲಸ ಕೆಡುತ್ತಿದೆಯೆಂಬುದನ್ನಾದರೂ ಅವಳ ಬಾಯಿಂದಲೇ ಹೇಳಗೊಡಬೇಕು; ಅಷ್ಟು ವರ್ಷ ಜೇಬಿನಲ್ಲಿಯೂ ಸೆರಗಿನಲ್ಲಿಯೂ ಅಡಗಿಸಿಟ್ಟುದು ಎಷ್ಟೆಂಬುದು ಅವಳೊಬ್ಬಳಿಗೇ ಗೊತ್ತು.